ನಮ್ಮ ಮನೆಯ ಸರ್ವಾಧಿಕಾರಿಗೆ

ಪ್ರೀತಿಯ ಅಪ್ಪಯ್ಯ,

ನಾನು ಹೊಸನಗರದ ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದ ಒಂದು ಸಂಜೆ, ನೀವು ಎಲೆಯಡಿಕೆ ಹಾಕುತ್ತ ಕೂತಿದ್ದಿರಿ. ಚರಿತ್ರೆಯ ಮೇಷ್ಟ್ರು ಒಂದು ಕೆಲಸ ಹೇಳಿದ್ದರು: ಹಿಂದೆ ಆಳಿದವರಲ್ಲಿ ಯಾರನ್ನು ಸರ್ವಾಧಿಕಾರಿ ಎನ್ನಬಹುದು, ಯಾಕೆ ಎಂದು ಬರೆದು ತರಬೇಕು. ನಿಮ್ಮನ್ನು ಕೇಳಿದೆ. "ಅದಕ್ಕೆಂತ ಯೋಚ್ನೆ? ನಮ್ಮೂರ ಕೆರೆ ಕಟ್ಸಿದ್ದೇ ಸರ್ವಾಧಿಕಾರಿ. ಕಲ್ಲಲ್ಲೇ ಬರ್ದಿದೆ. ಅಂಥ ಪುಣ್ಯವಂತ್ರನ್ನ ಬರಿ" ಎಂದಿರಿ. ಕೆರೆ ಏರಿಯ ಶಾಸನವನ್ನು ಯಾರೋ ಓದಿ ಹೇಳಿದ್ದು ನಿಮ್ಮ ತಲೆಯಲ್ಲಿ ಕೂತಿತ್ತು. ಶಾಸನದ ಕಾಲಕ್ಕೆ ಅದು ರಾಜನ ಕೈಕೆಳಗಿನ ದೊಡ್ಡ ಹುದ್ದೆ, ಈಗ ಯಾರ ಮಾತನ್ನೂ ಕೇಳದೆ ಆಳುವವನ ಹೆಸರು ಎಂದು ನಿಮಗೆ ಹೇಗೆ ಗೊತ್ತಾಗಬೇಕು? ನಾನೂ ಹಾಗೇ ಬರೆದುಕೊಂಡು ಹೋದೆ.

ಮರುದಿನ ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ಎರಡೂ ಅರ್ಥ ಬಿಡಿಸಿ ಹೇಳಿ, "ಎಷ್ಟು ಯುದ್ಧ ಗೆದ್ದ ಅಂತ ನೋಡ್ಬೇಡಿ. ಅವನಿಗೆ ಬೇಡ ಅಂದವ್ರು ಮನೆಗೆ ಹೋಗಿ ಊಟ ಮಾಡಿದ್ರಾ, ಅದನ್ನ ನೋಡಿ" ಎಂದರು. ಜರ್ಮನಿಯವನು ಕೂಡಲೇ ಸಿಕ್ಕಿಬಿದ್ದ. ಕಳಿಂಗ ಗೆದ್ದು ಅತ್ತವನ ವಿಷಯದಲ್ಲಿ ಜಗಳವೇ ಆಯಿತು. ಗೆಲ್ಲುವ ಮೊದಲಿನದು ಲೆಕ್ಕವೋ, ಅತ್ತ ಮೇಲಿನದೋ? ನಮ್ಮ ಕೆಳದಿಯ ಅರಸರನ್ನು ಮುಟ್ಟುವ ಮನಸ್ಸು ಮಾತ್ರ ಯಾರಿಗೂ ಇರಲಿಲ್ಲ. ನನಗೋ, ರಾಜರೆಲ್ಲ ಹಿಂದೆ ಸರಿದು ನೀವೇ ಕಣ್ಣ ಮುಂದೆ ಬಂದಿರಿ. ನಿಮಗೆ ಬೇಡ ಎಂದವರನ್ನು ನಾನು ಕಂಡೇ ಇರಲಿಲ್ಲವಲ್ಲ. ನಿಮಗೆ ಬೇಡ ಎಂದರೆ ಏನಾಗುತ್ತದೆಂದು ಮನೆಗೆ ಬಂದು ಅವ್ವನನ್ನು ಕೇಳಿದರೆ, "ಅಂದು ನೋಡಿದ್ರೆ ತಾನೆ ಗೊತ್ತಾಗೋದು" ಎಂದು ಒಲೆ ಊದತೊಡಗಿದಳು.

ಮೇಗರವಳ್ಳಿಯಿಂದ ಗಂಡಿನ ಕಡೆಯವರು ಬಂದು ಹೋದ ದಿನ ನಿಮಗೆ ನೆನಪಿದೆಯಾ? ನೀವು ಮಾತು ಕೊಡುವುದೊಂದೇ ಬಾಕಿ. ನನಗೆ ಟೀಚರ್ ಟ್ರೈನಿಂಗಿನ ಆಸೆ, ಆದರೆ ಬಾಯಿ ಬಿಡಲು... ಊಟಕ್ಕೆ ಕೂತಾಗ ಹೇಗೋ ಹೇಳಿಬಿಟ್ಟೆ. "ಅಪ್ಪಯ್ಯ, ನಂಗೆ ಈಗ ಮದುವೆ ಬ್ಯಾಡ. ಓದಕ್ಕೆ ಹೋಗ್ತೀನಿ." ನೀವು ಹಿಡಿದ ತುತ್ತು ಬಾಯಿಗಿಟ್ಟುಕೊಂಡಿರಿ. ಆಮೇಲೆ ಅವ್ವನ ಕಡೆ ತಿರುಗಿ, "ಅದಕ್ಕೆ ಇನ್ನೊಂದ್ ಸೌಟು ಸಾರು ಹಾಕು. ಬರೀ ಅನ್ನ ಕಲಸ್ತಾ ಇದೆ" ಎಂದಿರಿ. ಮೇಗರವಳ್ಳಿಯ ಮಾತು ಮತ್ತೆ ಎತ್ತಲಿಲ್ಲ. ಎಷ್ಟು ಹಗುರಾಗಿದ್ದೆ ಅವತ್ತು ಗೊತ್ತಾ? ಸರ್ವಾಧಿಕಾರಿಗಳ ಸಾಲಿನಿಂದ ನಿಮ್ಮನ್ನು ಎಬ್ಬಿಸಿ ಕಳಿಸಿದೆ. ಈಗ ಸಾಗರದ ಶಾಲೆಯಲ್ಲಿ ಅದೇ ಪಾಠ ಮಾಡುವಾಗ ನಿಮ್ಮನ್ನು ನೆನೆದು ಒಳಗೊಳಗೇ ನಗುತ್ತೇನೆ.

ಮೊನ್ನೆ ಓಟಿನ ದಿನ ಅವ್ವನನ್ನು ಕರೆದುಕೊಂಡು ಹೋಗಲು ಊರಿಗೆ ಬಂದಿದ್ದೆ. ನೀವಿದ್ದಾಗ ಯಾವ ಗುರುತಿಗೆ ಮುದ್ರೆ ಒತ್ತಬೇಕೆಂದು ನೀವೇ ಹೇಳಿ ಕಳಿಸುತ್ತಿದ್ದಿರಿ. ಅವಳು ತಲೆ ಆಡಿಸಿ ಹೋಗುತ್ತಿದ್ದಳು. ಈಗ ಹೇಳುವವರು ಯಾರೂ ಇಲ್ಲವಲ್ಲ ಎಂದು ದಾರಿಯುದ್ದಕ್ಕೂ ನಾನೇ ಗುರುತು ಹೇಳಿಕೊಟ್ಟೆ. ಅದಕ್ಕೂ ತಲೆ ಆಡಿಸಿದಳು. ವಾಪಸು ಬರುವಾಗ ಕೇಳಿದೆ, "ನಾ ಹೇಳಿದ್ದಕ್ಕೇ ಹಾಕಿದ್ಯಲ್ಲ?"

ಅವ್ವ ಸೆರಗು ಸರಿಮಾಡಿಕೊಂಡು, "ನಿಮ್ಮಪ್ಪಯ್ಯ ಹೇಳಿದ್ದಕ್ಕೇ ನಾನು ಒಂದ್ ಸಲನೂ ಹಾಕಿಲ್ಲ. ಇನ್ನು ನೀ ಹೇಳಿದ್ದಕ್ಕೆ ಹಾಕ್ತೀನಾ?" ಎಂದಳು.

ಯಾರಿಗೆ ಹಾಕುತ್ತಿದ್ದಳೆಂದು ನನಗೂ ಹೇಳುತ್ತಿಲ್ಲ, ಅಪ್ಪಯ್ಯ.

ನಿಮ್ಮ ಮಗಳು