ಹಗ್ಗದ ಮೂರು ಎಳೆತ

ಹಡಗಿನಿಂದ,
ಮಾರ್ಚ್ ೧೪, ಸಂಜೆ

ಪ್ರೀತಿಯ ಪುಟ್ಟಿಗೆ ಅಣ್ಣನ ಆಶೀರ್ವಾದಗಳು.

ಎರಡು ತಿಂಗಳಿಂದ ಕಾಗದವಿಲ್ಲ ಎಂದು ಮುನಿಸಿಕೊಂಡಿರುತ್ತೀಯ. ತೆರೆದ ಬಾಯಿ ಮುಚ್ಚದ ಅಣ್ಣ ಪೆನ್ನು ಹಿಡಿದರೆ ಮೂಗನಾಗುತ್ತಾನೆ ಎಂದು ಮಗಳ ಮುಂದೆ ಆಡಿಕೊಂಡೂ ಇರುತ್ತೀಯ. ಮೊದಲ ಒಂದೂವರೆ ತಿಂಗಳು ಸೋಮಾರಿತನ, ಒಪ್ಪಿಕೊಂಡೆ. ಆಮೇಲಿನ ಹದಿನೈದು ದಿನ ಹಾಗಲ್ಲ. ಬರೆದೆ, ಹರಿದೆ, ಮತ್ತೆ ಬರೆದೆ.

ನಿನ್ನ ಯಜಮಾನರು ಚೆನ್ನಾಗಿದ್ದಾರೆ. ಇದನ್ನು ಎರಡು ಸಲ ಓದಿಕೊಂಡು ಮುಂದಕ್ಕೆ ಹೋಗು.

ಅವರಿಗೂ ನನಗೂ ಎಣ್ಣೆ ಸೀಗೆಕಾಯಿ ಎಂಬುದು ನಿನಗೆ ಗೊತ್ತೇ ಇದೆ. ನಾನು ಮಾತಿನ ಮಲ್ಲ. ಅವರು ಮುತ್ತು ಉದುರೀತೆಂದು ಬಾಯಿ ಬಿಗಿಹಿಡಿದವರು. ನಾನು ಹಾಕಿದ ಗಂಟನ್ನು ಸುಮ್ಮನೆ ಬಂದು ಬಿಚ್ಚಿ ಮತ್ತೆ ಹಾಕುತ್ತಾರೆ. ನಾನು ಪೇಂಟು ಬಳಿದ ಕಡೆ ಬೆರಳಿಟ್ಟು ನೋಡುತ್ತಾರೆ. ಮುನಿಸಿಕೊಂಡು ಎದ್ದು ಹೋಗೋಣವೆಂದರೆ ಸುತ್ತ ನೀರು. ಇರುವುದು ಒಂದೇ ಕೋಣೆ, ಮೇಲಿನ ಹಾಸಿಗೆ ಅವರದು, ಕೆಳಗಿನದು ನನ್ನದು. ಡೆಕ್ಕಿನ ಮುದುಕ ಮೇಸ್ತ್ರಿ ಈ ಸಲ ನಿವೃತ್ತನಾಗುತ್ತಾನೆ, ಅವನ ಜಾಗ ನಮ್ಮಿಬ್ಬರಲ್ಲಿ ಒಬ್ಬರಿಗೆ ಎಂದು ಕ್ಯಾಪ್ಟನ್ ಹೇಳಿದ ಮೇಲೆ ಆ ಕೋಣೆಯಲ್ಲಿ ನನ್ನ ಮಾತೂ ನಿಂತಿತು.

ಈಗ ವಿಷಯಕ್ಕೆ ಬರುತ್ತೇನೆ. ಹಡಗಿನ ತಳದಲ್ಲಿ ನೀರು ತುಂಬಿಸುವ ಟ್ಯಾಂಕುಗಳಿವೆ. ಆಗಾಗ ಅವನ್ನು ಖಾಲಿ ಮಾಡಿ, ಒಬ್ಬ ಇಳಿದು ತುಕ್ಕು ನೋಡಿ ಬರಬೇಕು. ಬಹಳ ದಿನ ಮುಚ್ಚಿಟ್ಟರೆ ಆ ತುಕ್ಕೇ ಒಳಗಿನ ಗಾಳಿಯನ್ನು ತಿಂದುಬಿಡುತ್ತದೆ. ವಾಸನೆಯಿಲ್ಲ, ಹೊಗೆಯಿಲ್ಲ, ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಮೇಲಿಂದ ಗಾಳಿ ಅಳೆಯುವ ಮೀಟರ್ ಇಳಿಬಿಟ್ಟು ನೋಡುತ್ತೇವೆ, ಆದರೆ ಮೂಲೆಗಳ ಸುದ್ದಿ ಅದಕ್ಕೆ ತಿಳಿಯದು. ಕಬ್ಬಿಣದ ಗೋಡೆಗಳ ನಡುವೆ ವಾಕಿಟಾಕಿ ಹಿಡಿಯದು, ಉಸಿರು ಕಟ್ಟಿದವನಿಗೆ ಕೂಗಲೂ ಆಗದು. ಅದಕ್ಕೇ ಸೊಂಟಕ್ಕೆ ಹಗ್ಗ. ಒಳಗಿನವನು ಎರಡು ಸಲ ಎಳೆದರೆ ‘ಸರಿಯಾಗಿದ್ದೇನೆ’ ಎಂದು. ಮೂರು ಸಲ ಎಳೆದರೆ ‘ಎತ್ತು’ ಎಂದು. ಮೇಲೆ ನಿಂತವನು ಯಾಕೆ ಏನು ಎಂದು ಯೋಚಿಸುವಂತಿಲ್ಲ, ಎತ್ತಬೇಕು.

ಕಳೆದ ತಿಂಗಳ ಕೊನೆಯಲ್ಲಿ ಮೂರನೇ ಟ್ಯಾಂಕಿಗೆ ಅವರು ಇಳಿದರು. ಹಗ್ಗ ನನ್ನ ಕೈಯಲ್ಲಿತ್ತು. ಮೇಲೆತ್ತಿದಾಗ ಅವರ ತುಟಿ ನೀಲಿಯಾಗಿತ್ತು. ಅಡುಗೆಯವನು ಓಡಿಬಂದು ಎದೆ ಒತ್ತಿದ, ಆಕ್ಸಿಜನ್ ಹಿಡಿದರು, ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಟ್ಟರು. ನನ್ನ ಜೀವ ಬಾಯಿಗೆ ಬಂದಿತ್ತು, ಪುಟ್ಟಿ. ಹೊರಡುವಾಗ ನೀನು ಬಾಗಿಲಲ್ಲಿ ನಿಂತು, “ಅಣ್ಣಾ, ಇವರನ್ನ ನಿನ್ನ ಕೈಗೆ ಒಪ್ಪಿಸಿದೀನಿ” ಅಂದದ್ದೇ ಕಿವಿಯಲ್ಲಿ.

ಮರುದಿನ ಕ್ಯಾಪ್ಟನ್ ಕರೆಸಿ ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಯಜಮಾನರು, “ಹಗ್ಗ ಏಣಿಗೆ ಸಿಕ್ಕಾಕ್ಕೊಂಡಿತ್ತು ಸಾರ್. ನಾನು ಎಳೆದಿದ್ದು ಮೇಲಕ್ಕೆ ಗೊತ್ತಾಗಿಲ್ಲ” ಅಂದರು. ಹೇಳುವಾಗ ಅವರ ಕಣ್ಣು ಕ್ಯಾಪ್ಟನ್ ಮೇಲಲ್ಲ, ನನ್ನ ಮೇಲಿತ್ತು. ಅಂದಿನಿಂದ ನನಗೆ ಹೆದರಿಕೆ. ಮೇಲಿನ ಹಾಸಿಗೆ ಕಿರ್ ಎಂದರೆ ಬೆವರುತ್ತೇನೆ. ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಎಷ್ಟೋ ವಾಸಿಯಿತ್ತು. ಅದರ ಬದಲು ಬೆಳಿಗ್ಗೆ ನನಗೂ ಒಂದು ಲೋಟ ಚಹಾ ತಂದಿಡುತ್ತಾರೆ.

ನಾಳೆ ನಾಲ್ಕನೇ ಟ್ಯಾಂಕು. ಇಳಿಯುವ ಸರದಿ ನನ್ನದು. ಹಗ್ಗ ಹಿಡಿಯಲು ಅಡುಗೆಯವನನ್ನು ಗುಟ್ಟಾಗಿ ಒಪ್ಪಿಸಿದ್ದೆ. ಇವತ್ತು ಊಟಕ್ಕೆ ಕುಳಿತಾಗ ಎಲ್ಲರೆದುರು ಅವರೇ, “ಅವನ್ಯಾಕೆ ಭಾವ? ನಾಳೆ ಹಗ್ಗ ನಾನೇ ಹಿಡೀತೀನಿ” ಅಂದರು.

“ನಿಮಗಿನ್ನೂ ಸುಸ್ತಿದೆಯಲ್ಲಾ” ಅಂದೆ.

“ಹಗ್ಗ ಹಿಡಿಯೋಕೆ ಎಂಥಾ ಸುಸ್ತು?” ಎಂದು ನಕ್ಕರು. ಹಡಗಿನಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುದುಕ ಮೇಸ್ತ್ರಿ ನನ್ನ ಬೆನ್ನು ತಟ್ಟಿ, “ನೆಂಟರು ಅಂದ್ರೆ ಹೀಗಿರ್ಬೇಕು ನೋಡ್ರಯ್ಯಾ” ಅಂದ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಆ ‘ಯಾಕೆ’ಗೆ ನನ್ನಲ್ಲಿ ಉತ್ತರವಿದೆ, ಅದೇ ತೊಂದರೆ.

ಮಗಳಿಗೆ ಸೋದರಮಾವನ ಮುತ್ತು ಕೊಡು. ಹೇಳಿದ ಮಾತು ಕೇಳದಿದ್ದರೂ ಹೊಡೆಯಬೇಡ, ಅದು ನನ್ನ ಕಡೆಯ ರಕ್ತ. ನೀನೂ ನಿನ್ನ ಯಜಮಾನರೂ ನೂರು ಕಾಲ ಒಟ್ಟಿಗೆ ಬಾಳಿ.

ಇಂತಿ ನಿನ್ನ ಅಣ್ಣ,
ಬಾಯಿಬಡುಕ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಹಗ್ಗ ಎಲ್ಲೂ ಸಿಕ್ಕಿಕೊಂಡಿರಲಿಲ್ಲ. ಮೂರು ಎಳೆತವೂ ನನ್ನ ಅಂಗೈಗೆ ಸ್ಪಷ್ಟವಾಗಿ ತಿಳಿದಿತ್ತು. ಅಂದು ಬೆಳಿಗ್ಗೆ ಅವರು ನನ್ನ ಗಂಟನ್ನು ಕ್ಯಾಪ್ಟನ್ ಎದುರೇ ಬಿಚ್ಚಿ, “ಇದನ್ನ ನಂಬಿ ಯಾರು ಇಳೀತಾರೆ?” ಅಂದಿದ್ದರು. ಸ್ವಲ್ಪ ಕಾಯಲಿ, ಒಂದು ಸಲವಾದರೂ ಬಾಯಿಬಿಟ್ಟು ನನ್ನನ್ನು ಕರೆಯಲಿ ಎಂದುಕೊಂಡೆ. ಇಪ್ಪತ್ತರವರೆಗೆ ಎಣಿಸಿದೆ. ಕರೆಯಲಿಲ್ಲ. ಎಳೆದಾಗ ಹಗ್ಗ ಭಾರವಾಗಿತ್ತು.

ಈ ಕಾಗದ ಬೆಳಿಗ್ಗೆ ಬಂದರಿನ ದೋಣಿಯಲ್ಲಿ ಹೋಗುತ್ತದೆ. ನಾನು ಇಳಿಯುವುದು ಅದಾದ ಮೇಲೆ. ಹಗ್ಗ ಏಣಿಗೆ ಸಿಕ್ಕಿಕೊಂಡಿತ್ತು ಎಂದು ನಿನ್ನ ಯಜಮಾನರು ನಿನಗೆ ಬರೆದರೆ, ನಂಬಿಬಿಡು ಪುಟ್ಟಿ.