ಬಚ್ಚಲ ಬೂಷ್ಟಿನ ಕ್ಷೇಮ ಸಮಾಚಾರ

ಕನಾಜಾವಾ
28 ಡಿಸೆಂಬರ್ 1983

ಪ್ರೀತಿಯ ಯಜಮಾನರಿಗೆ,

ನೆಗಡಿ ಇಳಿಯಿತೇ? ನಾನು ಕಳಿಸಿದ ಉಣ್ಣೆಯ ಬನಿಯನ್ ಹಾಕಿಕೊಳ್ಳುತ್ತಿದ್ದೀರೋ, ಇಲ್ಲ ಅದರ ಮೇಲೂ ಏನಾದರೂ ಬೆಳೆಯಲಿ ಎಂದು ಸುಕುಬಾದ ಆ ಕೋಣೆಯ ಮೂಲೆಯಲ್ಲಿ ಬಿಟ್ಟಿದ್ದೀರೋ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮಗಳು ಚಿನಾತ್ಸುವಿನ ಕೆಮ್ಮು ಹೋಯಿತು. ನೀವು ಕೇಳಿರಲಿಲ್ಲ, ಆದರೂ ಹೇಳುತ್ತಿದ್ದೇನೆ. ನಿಮ್ಮ ಹೋದ ಪತ್ರದ ಮೊದಲ ಸಾಲೇ ಬಚ್ಚಲ ಗೋಡೆಯ ಬೂಷ್ಟು ಹೇಗಿದೆ ಎಂದಿತ್ತು. ಹೆಂಡತಿ ಮಗಳು ಹೇಗಿದ್ದಾರೆ ಎಂಬುದನ್ನು ಕಾಗದ ಮುಗಿದ ಮೇಲೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದಿರಿ. ಪ್ರಯೋಗಾಲಯದ ಬೂಷ್ಟುಗಳನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ, ಹೊಸ ವರ್ಷಕ್ಕೂ ಬರಲಾಗುವುದಿಲ್ಲ ಎಂಬ ಮಾತನ್ನು ನಡುವೆ ಎಲ್ಲೋ ತುರುಕಿದ್ದಿರಿ. ಅದನ್ನು ಓದಿ ನನಗೆ ಅಳು ಬಂತು, ನಿಜವಾಗಿಯೂ ಬಂತು.

ಶಾಲೆಯಲ್ಲಿ ‘ನಮ್ಮ ಅಪ್ಪ’ ಎಂದು ಚಿತ್ರ ಬರೆಯಲು ಹೇಳಿದ್ದರಂತೆ. ನಿಮ್ಮ ಮಗಳು ಬಚ್ಚಲ ಮೂಲೆಗೆ ಮುಖ ಮಾಡಿ ಕೂತ ಒಂದು ಬೆನ್ನನ್ನು ಬರೆದು ತಂದಿದ್ದಾಳೆ. “ಅಪ್ಪ ಏನಾದ್ರೂ ತಪ್ಪು ಮಾಡಿದ್ರಾ? ಶಿಕ್ಷೆಗೆ ಕೂತಿದಾರಾ?” ಎಂದು ಟೀಚರು ಕೇಳಿದರಂತೆ.

ಈಗ ಸುದ್ದಿಗೆ ಬರುತ್ತೇನೆ. ಕೂತುಕೊಂಡು ಓದಿ. ವರ್ಷಾಂತ್ಯದ ದೊಡ್ಡ ತೊಳೆತಕ್ಕೆಂದು ನಿಮ್ಮ ಅಮ್ಮ ನೋತೋದಿಂದ ಬಂದಿದ್ದಾರೆ. ಜೊತೆಗೆ ಒಂದು ಮೂಟೆ ಅಕ್ಕಿ ಕಡುಬು, ಸ್ವಂತ ಉಜ್ಜುವ ಬ್ರಷ್ಷು. ಬಂದವರೇ ಸೊಂಟ ಕಟ್ಟಿ ನಿಂತರು. ನಾನು ಮೆಲ್ಲಗೆ ನಿಮ್ಮ ಪಾಠ ಒಪ್ಪಿಸಿದೆ: ಅತ್ತೆ, ಮನೆಯೊಳಗಿನ ಬೂಷ್ಟೆಲ್ಲ ಒಂದೇ ಅಲ್ಲವಂತೆ, ಕಿಟಕಿಯ ಕಪ್ಪು ಕ್ಲ್ಯಾಡೊಸ್ಪೋರಿಯಮ್ ಅಂತೆ, ಚಾಪೆಯ ಧೂಳಿನಲ್ಲಿ ನೀರಿಲ್ಲದೆಯೂ ಬದುಕುವುದು ಆಸ್ಪರ್ಜಿಲಸ್ ಅಂತೆ, ಕಡುಬಿನ ಮೇಲಿನ ಹಸಿರು ಪೆನಿಸಿಲಿಯಮ್ ಅಂತೆ, ಬೀಜ ಸರವಾಗಿ ನಿಂತಿದೆಯೋ ಕೊಂಬೆಯಾಗಿ ನಿಂತಿದೆಯೋ ನೋಡಿ ಕುಲ ಹೇಳುತ್ತಾರಂತೆ. ಅತ್ತೆ ಬ್ರಷ್ಷು ಕೆಳಗಿಡದೆ ಕೇಳಿಸಿಕೊಂಡರು. “ಬೂಷ್ಟಲ್ಲಿ ಇರೋದು ಮೂರೇ ಜಾತಿ ಕಣಮ್ಮಾ. ಬಿಸಿನೀರಿಗೆ ಹೋಗೋದು, ಹುಳಿನೀರಿಗೆ ಹೋಗೋದು, ನನ್ನ ಕೈಗೆ ಮಾತ್ರ ಹೋಗೋದು” ಎಂದರು.

ಮರುದಿನ ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಬಚ್ಚಲು ಫಳಫಳ ಹೊಳೆಯುತ್ತಿತ್ತು. ನೀವು ನೀಲಿ ಟೇಪಿನಲ್ಲಿ ಚೌಕ ಕಟ್ಟಿ ‘ಮುಟ್ಟಬೇಡಿ’ ಎಂದು ಬರೆದಿದ್ದ ಜಾಗವೂ ಹೊಳೆಯುತ್ತಿತ್ತು. ಟೇಪನ್ನು ಮಾತ್ರ ನೀಟಾಗಿ ಸುತ್ತಿ ಡ್ರಾಯರಿನಲ್ಲಿ ಇಟ್ಟಿದ್ದಾರೆ, ಮತ್ತೆ ಬೇಕಾದೀತು ಅಂತ. “ಯಾರಮ್ಮಾ ಇದು, ಕೊಳೆಗೆ ಫೋಟೋ ಥರ ಕಟ್ಟು ಹಾಕಿಸಿರೋದು? ಮೂರನೇ ಜಾತೀದು ಅದು. ಹೋಗೋಕೆ ಎಷ್ಟು ಹಟ ಮಾಡ್ತು ಗೊತ್ತಾ!” ಎಂದು ತೋಳು ತೋರಿಸಿದರು. ಆ ಚೌಕದ ಬೂಷ್ಟು ಯಾವ ಪುಸ್ತಕದಲ್ಲೂ ಇಲ್ಲದ್ದು, ಪ್ರಪಂಚದಲ್ಲಿ ಇನ್ನೂ ಹೆಸರಿಡದ್ದು, ಫೆಬ್ರವರಿಯಲ್ಲಿ ಬಂದು ಕೆರೆದುಕೊಂಡು ಹೋಗುತ್ತೇನೆ ಎಂದಿದ್ದಿರಿ. ನೀವು ಮೊದಲು ಪ್ರಯೋಗಾಲಯಕ್ಕೆ ಒಯ್ದ ಚೂರನ್ನು ಅಲ್ಲಿ ಯಾವುದೋ ಮಾಮೂಲಿ ಹಸಿರು ಬೂಷ್ಟು ಮುಚ್ಚಿಹಾಕಿತಲ್ಲ, ಉಳಿದದ್ದು ಇದೊಂದೇ. ಬಚ್ಚಲ ಬಾಗಿಲು ಹಾಕಿಕೊಂಡು ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಅತ್ತೆಗೆ ಏನೂ ಹೇಳಿಲ್ಲ, ನೀವೂ ಹೇಳಕೂಡದು. ಮಗನ ಮನೆ ಹೊಳೆಯಲಿ ಎಂದೇ ಆ ವಯಸ್ಸಿನಲ್ಲಿ ಮಂಡಿಯೂರಿ ಉಜ್ಜಿದ್ದಾರೆ.

ಇವತ್ತಿಗೆ ತೊಳೆತ ಮುಗಿಯಿತು. ವರ್ಷದ ಮೊದಲ ಮೂರು ದಿನ ಪೊರಕೆ ಬ್ರಷ್ಷು ಮುಟ್ಟಿದರೆ ಮನೆಗೆ ಬಂದ ಅದೃಷ್ಟವೂ ಗುಡಿಸಿಹೋಗುತ್ತದೆ ಎಂದು ಅತ್ತೆ ಎಲ್ಲವನ್ನೂ ಕಟ್ಟಿ ಬೀರುವಿನ ಮೇಲಿಟ್ಟಿದ್ದಾರೆ. ನಿಮ್ಮ ಪಾಲಿನ ಕಡುಬನ್ನು ಎತ್ತಿಡಲು ಹೇಳಿದ್ದಾರೆ, ಅದರ ಮೇಲೆ ಏನು ಬೆಳೆದರೂ ನೋಡಲು ನೀವಿರುವುದಿಲ್ಲ. ಅತ್ತೆಯ ಆಶೀರ್ವಾದ, ಮಗಳ ಮುತ್ತು. ಮೈ ಬೆಚ್ಚಗಿಟ್ಟುಕೊಳ್ಳಿ.

ನಿಮ್ಮ
ಮಿಸಾವೊ

ಲಕೋಟೆ ಅಂಟಿಸುವ ಮುಂಚೆ ಇದೊಂದು: ಮದುವೆಗೆ ಅತ್ತೆ ಕೊಟ್ಟ ಮರದ ಸ್ನಾನದ ಮಣೆ ಇದೆಯಲ್ಲ, ಈಗ ತಾನೇ ಅದನ್ನು ಆರಲೆಂದು ಮಗುಚಿದೆ. ಅಡಿಯಲ್ಲಿ ನಿಮ್ಮ ಚೌಕದೊಳಗಿದ್ದ ಅದೇ ಮಖಮಲ್ಲಿನಂಥ ಕಂದು ಬೂಷ್ಟು, ಅದೇ ಕಿತ್ತಳೆ ಅಂಚು. ನಿಮ್ಮ ಭೂತಗನ್ನಡಿಯಲ್ಲಿ ನೋಡಿದೆ, ಅದೇ. ಗೋಡೆಗೆ ಹತ್ತಿದ್ದೂ ಇಲ್ಲಿಂದಲೇ ಇರಬೇಕು. ನಿಮ್ಮ ಅಮ್ಮ ದಿನಾ ಸಂಜೆ ಅದರ ಮೇಲೇ ಕೂತು ಸ್ನಾನ ಮಾಡುತ್ತಿದ್ದಾರೆ. ಕೆರೆದು ಕಳಿಸು ಎನ್ನಬೇಡಿ, ಬೇರೆ ಕೈ ತಗುಲಿದರೆ ಕೆಡುತ್ತದೆ ಎಂದವರು ನೀವೇ. ಈ ಕಾಗದವನ್ನು ತುರ್ತು ಅಂಚೆಗೆ ಹಾಕುತ್ತಿದ್ದೇನೆ. ಉಎನೊ ನಿಲ್ದಾಣದಿಂದ ಇಲ್ಲಿಗೆ ರೈಲಿದೆ. ಮೂರನೇ ತಾರೀಖಿನವರೆಗೆ ಮನೆಯಲ್ಲಿ ಯಾರೂ ಬ್ರಷ್ಷು ಮುಟ್ಟುವುದಿಲ್ಲ. ಅಷ್ಟರೊಳಗೆ ನೀವು ಬರದಿದ್ದರೆ, ನಾಲ್ಕನೇ ತಾರೀಖು ಬೆಳಿಗ್ಗೆ ಮಣೆಯನ್ನು ಮಗುಚಿ ಅತ್ತೆಯ ಮುಂದೆ ಇಡುವವಳು ನಾನೇ.