ಹಳೆಯ ಕೂಲೆಂಟಿನ ಬೋಗುಣಿ

ನವೆಂಬರ್ ೧೮, ಮಂಗಳವಾರ

ಬೋಗುಣಿ ಇನ್ನೂ ಅಂಗಳದಲ್ಲೇ ಇದೆ. ಮೇಲೆ ಹಲಗೆ ಮುಚ್ಚಿದ್ದೇನೆ. ಈಗ ಮುಚ್ಚಿ ಏನು ಬಂತು?

ಭಾನುವಾರ ಕಾರಿನ ಎಂಜಿನ್ ತಂಪಾಗಿಡುವ ಹಳೆಯ ಕೂಲೆಂಟನ್ನು ಅದಕ್ಕೆ ಬಸಿದಿದ್ದೆ. ಗಾಡಿಯ ಪುಸ್ತಕ ಓದಿ, ಮೂರು ಅಂಗಡಿ ಅಲೆದು, ಅದರಲ್ಲಿ ಹೇಳಿದ ಕೆಂಪು ಕೂಲೆಂಟನ್ನೇ ತಂದೆ. ಎಂಜಿನ್ ಆರುವವರೆಗೆ ಕಾದು, ಗೆರೆ ಮೀರದಂತೆ ತುಂಬಿದೆ. ಹಳೆಯದನ್ನು ಏನು ಮಾಡಬೇಕೆಂದೂ ಪುಸ್ತಕದಲ್ಲಿತ್ತೇನೋ, ಆ ಪುಟ ತಿರುವಲಿಲ್ಲ.

ಅಂದು ಸಂಜೆ ನಮ್ಮ ನಾಯಿ ತೂರಾಡಿತು. "ಏನೋ, ಕುಡ್ಕೊಂಡು ಬಂದ್ಯಾ?" ಎಂದೆ. ಮಗಳು ಬಿದ್ದು ಬಿದ್ದು ನಕ್ಕಳು. ನಿನ್ನೆ ಸರಿಹೋದಂತೆ ಕಂಡಿತು. ಇಂದು ಮಧ್ಯಾಹ್ನ ಡಾಕ್ಟರ ಮೇಜಿನ ಮೇಲೆ ಅದರ ಉಸಿರು ನಿಂತಿತು.

"ಕೂಲೆಂಟ್ ಸಿಹಿಯಾಗಿರುತ್ತೆ ಸಾರ್, ನೆಕ್ಕಿಬಿಡ್ತವೆ. ತೂರಾಡ್ದಾಗ್ಲೇ ತಂದಿದ್ರೆ ಉಳಿಸ್ಬೋದಿತ್ತೇನೋ," ಎಂದರು ಡಾಕ್ಟರು. ಮಗಳು ಹೊರಗೆ ಬೆಂಚಿನ ಮೇಲಿದ್ದಳು, ಸದ್ಯ.

ವಾಪಸು ಬರುವಾಗ ಕಾರಿನ ಬಿಸಿ ತೋರಿಸುವ ಮುಳ್ಳು ನಟ್ಟನಡುವೆ ನಿಂತಿತ್ತು. ಹಾಳಾದ ಗಾಡಿ ಇಷ್ಟು ಚೆನ್ನಾಗಿ ಎಂದೂ ಓಡಿರಲಿಲ್ಲ.

"ಅದು ಏನು ತಿಂತಪ್ಪಾ?"

"ಗೊತ್ತಿಲ್ಲ ಪುಟ್ಟಾ."

ಮಲಗುವ ಮುಂಚೆ ಬಾಗಿಲಲ್ಲಿ ನಿಂತು ಇನ್ನೊಂದು ಕೇಳಿದಳು: "ನಾನು ನಕ್ಕಿದ್ದಕ್ಕೆ ಅದಕ್ಕೆ ಬೇಜಾರಾಗಿ ಹೋಯ್ತಾ?"

ಆಗಲೂ ಬೋಗುಣಿಯ ಮಾತೆತ್ತದೆ, "ಮಲಗು ಪುಟ್ಟಾ" ಎಂದು ದೀಪ ಆರಿಸಿದೆ. ನಾಳೆ ಅವಳು ಏಳುವ ಮೊದಲೇ ಆ ಬೋಗುಣಿಯನ್ನು ಎಲ್ಲಾದರೂ ಬಚ್ಚಿಡಬೇಕು.